ಕೀಮೋ ನಂತರದ ಮರೆವು ಮತ್ತು ಅಕ್ಯುಪಂಕ್ಚರ್: ರೋಗಿಗಳೂ ಮನೆಯವರೂ ತಿಳಿದಿರಬೇಕಾದ ಸಂಗತಿಗಳು



ಕೀಮೋಥೆರಪಿ ತೆಗೆದುಕೊಳ್ಳುವವರು ವಾಂತಿಯ ಬಗ್ಗೆ ಕೇಳುತ್ತಾರೆ. ಉದುರಿದ ಕೂದಲು ಮತ್ತೆ ಬರುತ್ತದೆಯೇ ಎಂದು ಕೇಳುತ್ತಾರೆ. ಬಾಯಿಹುಣ್ಣು, ಸುಸ್ತು, ಊಟ ಸೇರದಿರುವುದು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಮರೆವಿನ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ, ನಾವು ಡ್ರಿಪ್ ತೆಗೆಯುವ ಹೊತ್ತಿಗೆ ಮೆಲ್ಲಗೆ ಹೇಳುತ್ತಾರೆ: "ಮಂಕು ಕವ್ದಂಗಾಯ್ತದ ಸಿಸ್ಟರ್, ಏನು ಹೇಳಕ್ಕೆ ಹೊರಟಿದ್ದೆ ಅನ್ನದೇ ಮರ್ತೋಯ್ತದ."

ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಕೀಮೋ ಮಾಡಿಸಿಕೊಂಡು, ನಡುವೆ ರಕ್ತಪರೀಕ್ಷೆಗೆ, ಡ್ರೆಸ್ಸಿಂಗಿಗೆ ನಮ್ಮ ಆಸ್ಪತ್ರೆಗೆ ಬರುವ ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಲ್ಲಿ ಈ ಮಾತು ಹೇಳುವವರು ಹಲವರು. ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಬರೆಯುತ್ತಿದ್ದವರಿಗೆ ಕೂಡುವ ಕಳೆಯುವ ಲೆಕ್ಕ ಮೂರು ಸಲ ಮಾಡಿದರೂ ಹೊಂದುವುದಿಲ್ಲ. ಅರಿಸಿನ ಮಂಡಿಗೆ ಹಾಕಿ ಬಂದ ರೈತರಿಗೆ ಎಷ್ಟು ಚೀಲ ತೂಗಿಸಿದೆ ಎಂಬುದು ಮನೆಗೆ ಬರುವಷ್ಟರಲ್ಲಿ ನೆನಪಿರುವುದಿಲ್ಲ. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಐವತ್ತು ವರ್ಷದಿಂದ ಇಷ್ಟಲಿಂಗ ಪೂಜೆ ಮಾಡಿಕೊಂಡು ಬಂದವರು ವಿಭೂತಿ ಧರಿಸಿದೆನೋ ಇಲ್ಲವೋ ಎಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಾರೆ. ಸೊಸೆಯ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ.

ಇತ್ತೀಚೆಗೆ ಹಲವರು ಕೇಳುವ ಇನ್ನೊಂದು ಪ್ರಶ್ನೆ: "ಇದಕ್ಕೆ ಸೂಜಿ ಚಿಕಿತ್ಸೆ ಇದೆಯಂತೆ, ಮಾಡಿಸಬಹುದೇ?" ಸೂಜಿ ಚಿಕಿತ್ಸೆ ಎಂದರೆ ಅಕ್ಯುಪಂಕ್ಚರ್. ಕೆಲವರಿಗೆ, ಕೆಲವು ಸಮಯದಲ್ಲಿ, ಸರಿಯಾದವರ ಕೈಯಲ್ಲಿ ಮಾಡಿಸಬಹುದು. ತಪ್ಪು ಸಮಯದಲ್ಲಿ ಮಾಡಿಸಿದರೆ ಅದೇ ಸೂಜಿಯಿಂದ ಪ್ರಾಣಕ್ಕೆ ಕುತ್ತು ಬರಬಹುದು. ಎರಡನ್ನೂ ವಿವರವಾಗಿ ಹೇಳುವುದೇ ಈ ಬರಹದ ಉದ್ದೇಶ.

ಇದು ಹುಚ್ಚಲ್ಲ, ಅರಳುಮರಳೂ ಅಲ್ಲ

ಕೀಮೋ ಔಷಧಿ ವೇಗವಾಗಿ ಬೆಳೆಯುವ ಜೀವಕೋಶಗಳ ಮೇಲೆ ಕೆಲಸ ಮಾಡುತ್ತದೆ. ಅದರ ಜೊತೆಗೆ ಮೈಯಲ್ಲಿ ಒಂದು ಬಗೆಯ ಉರಿಯೂತ ಏಳುತ್ತದೆ, ಅದರ ಪರಿಣಾಮ ಮೆದುಳನ್ನೂ ತಟ್ಟುತ್ತದೆ. ಗಮನ ಒಂದೇ ಕಡೆ ನಿಲ್ಲುವುದಿಲ್ಲ. ಯೋಚನೆ ನಿಧಾನವಾಗುತ್ತದೆ. ಬೇಕಾದ ಪದ ಹೊಳೆಯುವುದಿಲ್ಲ. ಎರಡು ಕೆಲಸ ಒಟ್ಟಿಗೆ ಮಾಡಲು ಆಗುವುದಿಲ್ಲ. ಹಳೆಯದು ಚೆನ್ನಾಗಿ ನೆನಪಿರುತ್ತದೆ, ಬೆಳಿಗ್ಗೆ ನಡೆದದ್ದು ಮರೆತುಹೋಗುತ್ತದೆ. ಇದಕ್ಕೆ "ಕೀಮೋ ಬ್ರೈನ್" ಎಂಬ ಹೆಸರನ್ನು ಇಟ್ಟವರು ರೋಗಿಗಳೇ, ಡಾಕ್ಟರುಗಳಲ್ಲ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಗುಣವಾದ ಹೆಣ್ಣುಮಕ್ಕಳು ಪಟ್ಟುಹಿಡಿದು ಹೇಳಿದ ಮೇಲೆ ವೈದ್ಯಲೋಕ ಇದನ್ನು ಗಮನಿಸಿತು. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದ ಆರು ತಿಂಗಳಿಂದ ಒಂದು ವರ್ಷದೊಳಗೆ ತಲೆ ತಿಳಿಯಾಗುತ್ತಾ ಬರುತ್ತದೆ. ಕೆಲವರಿಗೆ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಮರೆವಿಗೆ ಹೆದರಿ, "ಇನ್ನೆರಡು ಕೀಮೋ ಆದರೆ ಅವ್ವನಿಗೆ ಬುದ್ಧಿಯೇ ಹೋಗಿಬಿಡುತ್ತದೆ" ಎಂದು ಮನೆಯವರೇ ಚಿಕಿತ್ಸೆ ನಿಲ್ಲಿಸುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧಕ್ಕೆ ನಿಂತ ಕೀಮೋ ಕ್ಯಾನ್ಸರಿಗೆ ಮತ್ತೆ ಬೆಳೆಯಲು ಬಿಡುವು ಕೊಡುತ್ತದೆ. ಮರೆವಿನ ವಿಷಯವನ್ನು ಕೀಮೋ ಕೊಡುವ ಡಾಕ್ಟರಿಗೆ ಹೇಳಿ. ಔಷಧಿಯ ಪ್ರಮಾಣ, ನಿದ್ರೆಯ ಮಾತ್ರೆ, ವಾಂತಿಯ ಮಾತ್ರೆ ಬದಲಾಯಿಸುವ ದಾರಿಗಳು ಅವರಲ್ಲಿವೆ.

ಸೂಜಿಗಿಂತ ಮೊದಲು ರಕ್ತಪರೀಕ್ಷೆ

ಮರೆವು ಬಂದ ಕೂಡಲೇ ಎಲ್ಲವನ್ನೂ ಕೀಮೋ ತಲೆಗೆ ಕಟ್ಟುವುದು ಸರಿಯಲ್ಲ. ಸುಲಭವಾಗಿ ಸರಿಮಾಡಬಹುದಾದ ಕಾರಣಗಳು ಹಲವು ಇವೆ. ಹಿಮೋಗ್ಲೋಬಿನ್ ಕಡಿಮೆಯಾದರೆ ತಲೆ ಭಾರವಾಗುತ್ತದೆ. ಥೈರಾಯ್ಡ್ ಏರುಪೇರಾದರೂ ಹಾಗೆಯೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ವಾಂತಿಭೇದಿಯಿಂದ ಮೈಯ ಸೋಡಿಯಂ ಇಳಿದರೆ ಗೊಂದಲವಾಗುತ್ತದೆ. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್ ಮಾತ್ರೆ ಎರಡು ಮೂರು ರಾತ್ರಿ ನಿದ್ರೆ ಕೆಡಿಸುತ್ತದೆ. ನಿದ್ರೆಯಿಲ್ಲದವನಿಗೆ ನೆನಪು ಎಲ್ಲಿಂದ ಬರಬೇಕು? ಮನಸ್ಸು ಕುಗ್ಗಿದ್ದರೂ ನೆನಪು ಕುಗ್ಗುತ್ತದೆ. ಹೆಣ್ಣುಮಕ್ಕಳಿಗೆ ಕೀಮೋದಿಂದ ಮುಟ್ಟು ಬೇಗ ನಿಂತಾಗ ಆಗುವ ಬದಲಾವಣೆಯೂ ಸೇರಿಕೊಳ್ಳುತ್ತದೆ.

ನಮ್ಮ ಕಡೆಯ ಸಸ್ಯಾಹಾರಿ ಮನೆತನಗಳಿಗೆ ಮುಖ್ಯವಾದ ಇನ್ನೊಂದು ಕಾರಣ ಬಿ-12 ಜೀವಸತ್ವದ ಕೊರತೆ. ಇದು ಮಾಂಸ, ಮೊಟ್ಟೆ, ಹಾಲಿನಲ್ಲಿ ಇರುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿ ಇರುವುದಿಲ್ಲ. ಹಾಲು ಮೊಸರು ಚೆನ್ನಾಗಿ ತಿನ್ನುವವರಿಗೆ ಒಂದಿಷ್ಟು ಸಿಗುತ್ತದೆ. ಕೀಮೋ ಸಮಯದಲ್ಲಿ ಹಾಲಿನ ವಾಸನೆಯೇ ಸೇರದೆ ಬಿಟ್ಟವರಿಗೆ ಅದೂ ಇಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರಿಗೆ, ಹೊಟ್ಟೆ ಉರಿಗೆಂದು ಬಹಳ ಕಾಲ ಪ್ಯಾಂಟೊಪ್ರಜೋಲ್ ತೆಗೆದುಕೊಂಡವರಿಗೆ ಬಿ-12 ಇನ್ನೂ ಇಳಿಯಬಹುದು. ಇದರ ಕೊರತೆಯಿಂದಲೂ ಮರೆವು, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ ಬರುತ್ತವೆ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ, ಮಾತ್ರೆ ಅಥವಾ ಇಂಜೆಕ್ಷನ್‌ನಿಂದ ಸರಿಯಾಗುತ್ತದೆ. ಆದರೆ ಮೆಡಿಕಲ್ ಸ್ಟೋರಿನಿಂದ ನೀವೇ ಬಿ-ಕಾಂಪ್ಲೆಕ್ಸ್ ತಂದು ನುಂಗಬೇಡಿ. ಅದರಲ್ಲಿರುವ ಫೋಲಿಕ್ ಆಮ್ಲ ಕೆಲವು ಕೀಮೋ ಔಷಧಿಗಳ ಜೊತೆ ಹೊಂದುವುದಿಲ್ಲ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಒಂದೆಲಗದ ಬಗ್ಗೆಯೂ ಕೇಳುತ್ತೀರಿ. ನೆನಪಿಗೆ ಒಳ್ಳೆಯದೆಂದು ಅಜ್ಜಿಯರ ಕಾಲದಿಂದ ಚಟ್ನಿ ಮಾಡಿ ತಿಂದವರು ನಾವು. ಅಡಿಗೆಯಾಗಿ ತಿನ್ನಲು ಅಡ್ಡಿಯಿಲ್ಲ. ಆದರೆ ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಹಸಿ ಸೊಪ್ಪು ಬೇಡ, ತೊಳೆದು ಬೇಯಿಸಿ ತಿನ್ನಿ. ಪುಡಿ, ಲೇಹ್ಯ, ಕ್ಯಾಪ್ಸೂಲ್ ಆದರೆ ಮೊದಲು ಡಾಕ್ಟರಿಗೆ ತೋರಿಸಿ.

ಅಕ್ಯುಪಂಕ್ಚರ್ ಎಂದರೇನು?

ಇದು ಚೀನಾ ದೇಶದ ಬಹಳ ಹಳೆಯ ಚಿಕಿತ್ಸೆ. ಇದು ಭಾರತಕ್ಕೆ ಬಂದ ಕಥೆಯಲ್ಲಿ ನಮ್ಮ ಗಡಿನಾಡಿನ ನಂಟೂ ಒಂದಿದೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಭಾರತದಿಂದ ಐವರು ವೈದ್ಯರ ತಂಡ ಹೋಯಿತು. ಕನ್ನಡ ಮಾತನಾಡುವವರು ಬಹಳ ಇರುವ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸರು ಅವರಲ್ಲೊಬ್ಬರು. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು.

ಕೂದಲೆಳೆಯಂಥ ತೆಳ್ಳನೆಯ ಉಕ್ಕಿನ ಸೂಜಿಗಳನ್ನು ಚರ್ಮದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಹಾಗೆಯೇ ಬಿಡುತ್ತಾರೆ. ಸೂಜಿಯೊಳಗೆ ಔಷಧಿ ಇರುವುದಿಲ್ಲ. ನಾವು ಕೊಡುವ ಇಂಜೆಕ್ಷನ್ನಿನಷ್ಟು ನೋವೂ ಇರುವುದಿಲ್ಲ. ಸಣ್ಣ ಚುಚ್ಚು, ಆಮೇಲೆ ಒಂದು ಬಗೆಯ ಜೋಮು ಅಥವಾ ಭಾರ. ಮರೆವು, ನಿದ್ರಾಹೀನತೆಗೆ ನೆತ್ತಿಯ ಮೇಲಿನ ಬಿಂದು, ಮುಂಗೈ, ಮೊಣಕಾಲಿನ ಕೆಳಗಿನ ಬಿಂದುಗಳನ್ನು ಹೆಚ್ಚಾಗಿ ಬಳಸುತ್ತಾರೆ. ಕೆಲವು ಕಡೆ ಸೂಜಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತಾರೆ. ಇದು ಕ್ಯಾನ್ಸರಿಗೆ ಕೊಡುವ "ಕರೆಂಟ್" ಅಲ್ಲ. ಆ ಕರೆಂಟ್ ಎಂದು ನೀವು ಕರೆಯುವುದು ರೇಡಿಯೇಶನ್, ಅದೇ ಬೇರೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವಿದ್ಯುತ್ ಸೂಜಿಯನ್ನು ಮಾಡಿಸಿಕೊಳ್ಳಬಾರದು.

ಅಧ್ಯಯನಗಳಲ್ಲಿ ಏನು ಕಂಡಿದೆ?

ಕೀಮೋದಿಂದ ಬರುವ ವಾಂತಿ, ವಾಕರಿಕೆಗೆ ಅಕ್ಯುಪಂಕ್ಚರ್ ಉಪಯೋಗವಾಗುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1997ರಲ್ಲಿಯೇ ಹೇಳಿತು. ನೋವಿನ ವಿಷಯದಲ್ಲಿಯೂ ಆಧಾರಗಳಿವೆ. ಮರೆವಿನ ವಿಷಯದಲ್ಲಿ ಆಧಾರ ಅಷ್ಟು ಗಟ್ಟಿಯಾಗಿಲ್ಲ. ಚೀನಾ, ಹಾಂಗ್‌ಕಾಂಗ್, ಅಮೆರಿಕಗಳಲ್ಲಿ ಅಧ್ಯಯನ ನಡೆದಿವೆ, ಹೆಚ್ಚಿನವು ಸಣ್ಣವು, ಬಹುತೇಕ ಸ್ತನ ಕ್ಯಾನ್ಸರಿನ ಮಹಿಳೆಯರ ಮೇಲೆ ಆದವು.

ನ್ಯೂಯಾರ್ಕಿನ ಒಂದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ತಂಡ ನಡೆಸಿದ ಅಧ್ಯಯನದ ಫಲಿತಾಂಶವನ್ನು 2024ರ ಡಿಸೆಂಬರಿನಲ್ಲಿ ಸ್ತನ ಕ್ಯಾನ್ಸರ್ ತಜ್ಞರ ಸಮ್ಮೇಳನದಲ್ಲಿ ಓದಿದರು. ಇನ್ನೂರಕ್ಕೂ ಹೆಚ್ಚು ಮಹಿಳೆಯರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್, ಇನ್ನೊಂದಕ್ಕೆ ತೋರಿಕೆಯ ಅಕ್ಯುಪಂಕ್ಚರ್, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಮೊದಲ ಎರಡೂ ಗುಂಪಿನವರು "ಮೊದಲಿಗಿಂತ ತಲೆ ತಿಳಿಯಾಗಿದೆ" ಎಂದರು, ಮೂರನೆಯ ಗುಂಪಿಗಿಂತ ಹೆಚ್ಚು. ತೋರಿಕೆಯದರಿಂದಲೂ ಹಾಗೆ ಅನ್ನಿಸಿತೆಂದರೆ ಸೂಜಿಯ ಪಾತ್ರ ಎಷ್ಟು, ವಾರಕ್ಕೊಮ್ಮೆ ಯಾರೋ ಒಬ್ಬರು ಸಮಾಧಾನವಾಗಿ ಕೂರಿಸಿಕೊಂಡು ವಿಚಾರಿಸಿದ್ದರ ಪಾತ್ರ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡನೆಯದನ್ನೂ ನಾನು ಕಡಿಮೆಯೆಂದು ಎಣಿಸುವುದಿಲ್ಲ.

ನಿದ್ರೆಯ ಕಡೆಯಿಂದ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ನಿದ್ರೆ ಬಾರದೆ ಒದ್ದಾಡುತ್ತಿದ್ದ 160 ಜನರಿದ್ದರು. ಅಕ್ಯುಪಂಕ್ಚರ್ ಮಾಡಿಸಿಕೊಂಡವರಿಗೂ, ನಿದ್ರೆಯ ಅಭ್ಯಾಸ ತಿದ್ದುವ ಸಮಾಲೋಚನೆ ಪಡೆದವರಿಗೂ ನಿದ್ರೆ ಸುಧಾರಿಸಿತು. ಸಮಾಲೋಚನೆಯದೇ ಕೈ ಸ್ವಲ್ಪ ಮೇಲಾಯಿತು. ಅದೇ ಜನರಲ್ಲಿ ಮರೆವಿನ ತೊಂದರೆ ಇದ್ದವರನ್ನು ನೋಡಿದಾಗ ಎರಡೂ ಕಡೆ ನೆನಪಿನ ಶಕ್ತಿಯೂ ಒಂದಿಷ್ಟು ಚೇತರಿಸಿಕೊಂಡಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಬರೀ ಮರೆವಿಗೆಂದು ಸಾಲ ಮಾಡಿ ಅಕ್ಯುಪಂಕ್ಚರ್‌ಗೆ ಓಡಬೇಡಿ. ಮರೆವಿನ ಜೊತೆ ನಿದ್ರೆಯಿಲ್ಲ, ವಾಕರಿಕೆ ಇದೆ, ಕೀಲುನೋವು ಇದೆ ಎನ್ನುವವರು, ಕೀಮೋ ಡಾಕ್ಟರು ಒಪ್ಪಿದರೆ, ಪ್ರಯತ್ನಿಸಬಹುದು. ಕ್ಯಾನ್ಸರನ್ನು ಇದು ಗುಣಪಡಿಸುವುದಿಲ್ಲ. "ಕೀಮೋ ಬಿಡಿ, ಸೂಜಿಯಲ್ಲೇ ಗಡ್ಡೆ ಕರಗಿಸುತ್ತೇನೆ" ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ.

ಯಾವಾಗ ಸೂಜಿ ಬೇಡವೇ ಬೇಡ

ಕೀಮೋ ಕೊಟ್ಟ ಸುಮಾರು 7ನೇ ದಿನದಿಂದ 14ನೇ ದಿನದವರೆಗೆ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಔಷಧಿಯಿಂದ ಔಷಧಿಗೆ ಈ ದಿನಗಳು ಸ್ವಲ್ಪ ಬೇರೆಯಾಗಬಹುದು. ಬಿಳಿ ರಕ್ತಕಣ ಎಂದರೆ ಊರ ಕಾವಲುಗಾರರಿದ್ದಂತೆ. ಅವರು ಇಲ್ಲದ ರಾತ್ರಿ ಬಾಗಿಲು ತೆರೆದಿಟ್ಟರೆ ಏನಾಗುತ್ತದೋ, ಆ ದಿನಗಳಲ್ಲಿ ಚರ್ಮಕ್ಕೆ ಸೂಜಿ ಚುಚ್ಚಿದರೆ ಅದೇ ಆಗುತ್ತದೆ. ಆರೋಗ್ಯವಂತರಿಗೆ ಏನೂ ಮಾಡದ ಕ್ರಿಮಿ ಇವರ ರಕ್ತಕ್ಕೆ ಸೇರಿ ಒಂದೇ ದಿನದಲ್ಲಿ ಪ್ರಾಣಾಪಾಯ ತರಬಹುದು. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಚುಚ್ಚಿದಲ್ಲಿ ರಕ್ತ ನಿಲ್ಲದೆ ಒಳಗೇ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಪ್ಲೇಟ್‌ಲೆಟ್ 50,000ಕ್ಕಿಂತ ಅಥವಾ ನ್ಯೂಟ್ರೋಫಿಲ್ ಎಂಬ ಬಿಳಿಕಣ 1,000ಕ್ಕಿಂತ ಕೆಳಗಿದ್ದರೆ ಎಚ್ಚರಿಕೆಯುಳ್ಳ ಚಿಕಿತ್ಸಕರು ಸೂಜಿ ಮುಟ್ಟುವುದಿಲ್ಲ. ನಿಮ್ಮ ಡಾಕ್ಟರು ಇದಕ್ಕಿಂತ ಹೆಚ್ಚಿನ ಸಂಖ್ಯೆ ಹೇಳಿದರೆ ಅವರ ಮಾತೇ ನಡೆಯಲಿ. ಅದಕ್ಕಾಗಿ ಹೊಸ ರಕ್ತಪರೀಕ್ಷೆಯ ಚೀಟಿ ಕೈಯಲ್ಲಿ ಇಲ್ಲದೆ ಸೂಜಿ ಚಿಕಿತ್ಸೆಗೆ ಹೋಗಲೇಬಾರದು. ಕೀಮೋ ಪೂರ್ತಿ ಮುಗಿದು ರಕ್ತ ಸರಿಯಾದ ಮೇಲೆ ಹೋಗುವುದು ಎಲ್ಲಕ್ಕಿಂತ ಕ್ಷೇಮ.

ಸ್ತನದ ಆಪರೇಶನ್ ಆಗಿ ಕಂಕುಳಿನ ಗಂಟು ತೆಗೆದಿದ್ದರೆ ಆ ಕಡೆಯ ಕೈಗೆ ಸೂಜಿ ಬೇಡ. ಕೈ ಊದಿಕೊಳ್ಳುವ ಸಂಭವವಿದೆ. ಬಿ.ಪಿ. ನೋಡಲು, ರಕ್ತ ತೆಗೆಯಲು ಆ ಕೈ ಬೇಡ ಎಂದು ನಾವು ಹೇಳುವುದೂ ಇದಕ್ಕೇ. ಕೀಮೋ ಕೊಡಲು ಎದೆಯಲ್ಲಿ ಪೋರ್ಟ್ ಇಟ್ಟಿದ್ದರೆ ಅದರ ಹತ್ತಿರ, ಗಡ್ಡೆಯ ಮೇಲೆ, ರೇಡಿಯೇಶನ್ನಿನಿಂದ ಸುಟ್ಟ ಚರ್ಮದ ಮೇಲೆ ಚುಚ್ಚಬಾರದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಯಾರ ಹತ್ತಿರ ಹೋಗಬೇಕು?

ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನವಾಗಿ ಒಪ್ಪಿ, 2019ರಲ್ಲಿ ಸ್ವತಂತ್ರ ಪದ್ಧತಿಯಾಗಿ ಮಾನ್ಯ ಮಾಡಿತು. ಹಾಗೆಂದು ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ನಮ್ಮ ರಾಜ್ಯದಲ್ಲಿ ಬಿ.ಎನ್.ವೈ.ಎಸ್. ಎಂಬ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ ಇದೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು, ಅದರಲ್ಲಿ ಅಕ್ಯುಪಂಕ್ಚರ್ ಕೂಡ ಒಂದು ಪಾಠ. ಮೈಸೂರಿನಲ್ಲಿ ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜು ಇದೆ. ವಿಚಾರಿಸಲು ಅದು ಒಳ್ಳೆಯ ಸ್ಥಳ. ಖಾಸಗಿ ಕ್ಲಿನಿಕ್ಕಿಗೆ ಹೋದರೆ ಗೋಡೆಯ ಮೇಲೆ ಕೆ.ಪಿ.ಎಂ.ಇ. ನೋಂದಣಿ ಪತ್ರ ಇದೆಯೇ ನೋಡಿ. ಸೂಜಿಯ ಹೊಸ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು, ಬಳಸಿದ ಮೇಲೆ ಎಸೆಯಬೇಕು. ಸ್ಪಿರಿಟ್‌ನಲ್ಲಿ ಅದ್ದಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಅಂಟಬಹುದು. ಜಾತ್ರೆ, ಸಂತೆ, ಒಂದು ದಿನದ ಶಿಬಿರಗಳಲ್ಲಿ ಕ್ಯಾನ್ಸರ್ ರೋಗಿಗಳು ಚುಚ್ಚಿಸಿಕೊಳ್ಳಬೇಡಿ.

ಖರ್ಚಿನ ಮಾತನ್ನೂ ಆಡಬೇಕು. ಅಕ್ಯುಪಂಕ್ಚರ್ ಒಂದು ಸಲಕ್ಕೆ ಮುಗಿಯುವುದಿಲ್ಲ. ವಾರಕ್ಕೆ ಒಂದೆರಡರಂತೆ ಎಂಟು ಹತ್ತು ಸಲ ಹೋಗಬೇಕಾಗುತ್ತದೆ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರು ಸುಮಾರು 60 ಕಿ.ಮೀ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಯಬಹುದು, ಜೊತೆಗೆ ಬರುವವರ ಒಂದು ದಿನದ ಕೂಲಿ ಉಳಿಯುವುದಿಲ್ಲ. ನಾಲ್ಕು ಸಲ ಹೋದರೂ ನಿದ್ರೆಯಲ್ಲಾಗಲಿ ಮನಸ್ಸಿನಲ್ಲಾಗಲಿ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ, ತಪ್ಪೇನಿಲ್ಲ.

ಮನೆಯಲ್ಲಿಯೇ ಮಾಡಬಹುದಾದದ್ದು

ಸೂಜಿಯಿಲ್ಲದೆ ಬೆರಳಿನಿಂದ ಒತ್ತುವುದಕ್ಕೆ ಅಕ್ಯುಪ್ರೆಶರ್ ಎನ್ನುತ್ತಾರೆ. ವಾಕರಿಕೆಗೆ ಇದನ್ನು ಮನೆಯಲ್ಲಿಯೇ ಮಾಡಬಹುದು. ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಅಳೆಯಿರಿ. ಅಲ್ಲಿ ನಡುವೆ ಎರಡು ನರದಂಥ ಹುರಿಗಳು ಸಿಗುತ್ತವೆ. ಅವುಗಳ ಮಧ್ಯೆ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಹದವಾಗಿ ಒತ್ತಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಒತ್ತುವುದು ಬೇಡ.

ಮರೆವಿಗೆ ನಡಿಗೆ ಒಳ್ಳೆಯದು. ದಿನಕ್ಕೆ ಅರ್ಧ ಗಂಟೆ, ಆಗದಿದ್ದರೆ ಹತ್ತು ಹತ್ತು ನಿಮಿಷ, ಬಿಸಿಲೇರುವ ಮೊದಲು. ಯೋಗವೂ ಆಗುತ್ತದೆ. ಬೆಂಗಳೂರಿನಲ್ಲಿಯೇ 2000ರ ದಶಕದಲ್ಲಿ ಸ್ತನ ಕ್ಯಾನ್ಸರಿನ ಮಹಿಳೆಯರ ಮೇಲೆ ನಡೆದ ಅಧ್ಯಯನಗಳಲ್ಲಿ ಕೀಮೋ ಜೊತೆ ಯೋಗ ಮಾಡಿದವರಿಗೆ ವಾಕರಿಕೆ, ಆತಂಕ ಕಡಿಮೆಯಾಗಿದ್ದವು. ಪೂಜೆಯ ಹೊತ್ತಿಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವ ಅಭ್ಯಾಸ ಇರುವವರು ಅದನ್ನು ಬಿಡಬೇಡಿ. ನಡುವೆ ಮನಸ್ಸು ಜಾರಿದರೆ ಬೇಸರಪಡದೆ ಮತ್ತೆ ನಿಲ್ಲಿಸಿ.

ಮಾತ್ರೆಯ ವಿಷಯದಲ್ಲಿ ಮಾತ್ರ ನೆನಪನ್ನು ನಂಬಬೇಡಿ. ಮರೆವಿರುವವರು ಮಾತ್ರೆ ಬಿಡುವುದಕ್ಕಿಂತ, ನುಂಗಿದ್ದು ಮರೆತು ಎರಡನೇ ಸಲ ನುಂಗುವುದು ಹೆಚ್ಚು ಅಪಾಯ. ಕೀಮೋ ಮಾತ್ರೆಯನ್ನೇ ಮನೆಯಲ್ಲಿ ತೆಗೆದುಕೊಳ್ಳುವವರಂತೂ ಬಹಳ ಜೋಪಾನ. ಪ್ರತಿ ದಿನದ ಮಾತ್ರೆಯನ್ನು ಬೇರೆ ಬೇರೆ ಕಾಗದದ ಪೊಟ್ಟಣ ಕಟ್ಟಿ ವಾರದ ಹೆಸರು ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲಿ ನುಂಗಿದ ಕೂಡಲೇ ಗುರುತು ಹಾಕಿ. ಮನೆಯಲ್ಲಿ ಒಬ್ಬರೇ ಈ ಹೊಣೆ ಹೊರಲಿ. ಓದಲು ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ.

ಬಂಧುಗಳಿಗೆ ಒಂದು ವಿನಂತಿ. "ಈಗ ತಾನೇ ಹೇಳಿದ್ನಲ್ಲವ್ವಾ, ಎಷ್ಟು ಸಲ ಹೇಳ್ಬೇಕು?" ಎನ್ನಬೇಡಿ. ಅವರು ಬೇಕೆಂದು ಮರೆಯುತ್ತಿಲ್ಲ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಟಿ.ವಿ. ಆರಿಸಿ ಮಾತನಾಡಿ. ಕೀಲಿ, ಕನ್ನಡಕ, ಆಧಾರ್ ಕಾರ್ಡು, ಆಸ್ಪತ್ರೆಯ ಫೈಲು ಒಂದೇ ಗೂಡಿನಲ್ಲಿರಲಿ. ಒಲೆಯ ಹತ್ತಿರ ಒಬ್ಬರೇ ಇರುವಾಗ ಗಮನವಿಡಿ. ಹಾಗೆಂದು ಎಲ್ಲ ಕೆಲಸವನ್ನೂ ಕಿತ್ತುಕೊಂಡು ಮೂಲೆಯಲ್ಲಿ ಕೂರಿಸಬೇಡಿ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಸಂಘದ ಲೆಕ್ಕವನ್ನು ಇನ್ನೊಬ್ಬರ ಜೊತೆ ಕೂತು ಬರೆಯುವುದು ಇವೆಲ್ಲ ನಡೆಯಲಿ.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ಕೀಮೋ ಮರೆವು ನಿಧಾನವಾಗಿ ಬರುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಮನೆಯವರ ಗುರುತು ಸಿಗದಿದ್ದರೆ, ಒಂದು ಪಕ್ಕದ ಕೈಕಾಲು ಸೋತರೆ, ಫಿಟ್ಸ್ ಬಂದರೆ, ತಡೆಯಲಾಗದ ತಲೆನೋವಿದ್ದರೆ, ಎಬ್ಬಿಸಿದರೂ ಏಳದಂಥ ಮಂಪರಿದ್ದರೆ ಅದು ಕೀಮೋ ಮರೆವಲ್ಲ. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೂ ಹಾಗೆಯೇ, ರಾತ್ರಿಯಾಗಿದ್ದರೂ ಬನ್ನಿ. ಎದೆ ಬೆನ್ನಿಗೆ ಅಕ್ಯುಪಂಕ್ಚರ್ ಮಾಡಿಸಿದ ಮೇಲೆ ಉಸಿರು ಕಟ್ಟಿದರೆ, ಚುಚ್ಚಿದ ಜಾಗ ಕೆಂಪಾಗಿ ಊದಿದರೆ, ಸೂಜಿ ಹಾಕಿಸಿದ್ದನ್ನು ಮುಚ್ಚಿಡದೆ ಡ್ಯೂಟಿ ಡಾಕ್ಟರಿಗೆ ಹೇಳಿ.

ಮುಂದಿನ ಸಲ ಬರುವಾಗ ಇತ್ತೀಚಿನ ರಕ್ತಪರೀಕ್ಷೆಯ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ (ಸಕ್ಕರೆ, ಬಿ.ಪಿ., ಹೊಟ್ಟೆ ಉರಿಯದ್ದೂ ಸೇರಿ), ಮನೆಯಲ್ಲಿ ತಿನ್ನುತ್ತಿರುವ ಪುಡಿ ಲೇಹ್ಯದ ಡಬ್ಬಿ ತನ್ನಿ. ಮರೆವು ಯಾವಾಗ ಶುರುವಾಯಿತು, ದಿನದ ಯಾವ ಹೊತ್ತಿನಲ್ಲಿ ಹೆಚ್ಚು, ನಿದ್ರೆ ಎಷ್ಟು ಗಂಟೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ. ಡಾಕ್ಟರ ಮುಂದೆ ಕೂತಾಗ ಹೇಳಬೇಕೆಂದಿದ್ದು ಮರೆತುಹೋದರೆ ಆ ಹಾಳೆಯನ್ನೇ ಅವರ ಕೈಗೆ ಕೊಡಿ. ಹೊರರೋಗಿ ವಿಭಾಗದ ಯಾವ ಸಿಸ್ಟರನ್ನು ಕೇಳಿದರೂ ಬರೆದುಕೊಡುತ್ತಾರೆ.